ಅಪ್ಪನ ಹೆಸರಿನ ಎಂಬತ್ತೆಂಟು

ಎಂಬತ್ತೆಂಟು.

ಮೂರು ದಿನದಿಂದ ನಿಕಿತಾಳ ತಲೆಯಲ್ಲಿ ಆ ಒಂದು ಸಂಖ್ಯೆ ಕೂತುಬಿಟ್ಟಿತ್ತು. ಕುಕ್ಕರಿನ ಸೀಟಿ ಎಣಿಸಲು ಹೋದರೆ ಎರಡರ ನಂತರ ಎಂಬತ್ತೆಂಟು ಬರುತ್ತಿತ್ತು. ಮಗಳು ದಿಶಾಳ ಅಂಗಿಗೆ ಗುಂಡಿ ಹಾಕುವಾಗ, ತವರುಮನೆಯ ಬಾಲ್ಕನಿಯಲ್ಲಿ ಬಟ್ಟೆ ಹಿಂಡುವಾಗ, ಕೆಳಗೆ ಡೊಂಬಿವಲಿಯ ಮಾನಪಾಡಾ ರಸ್ತೆಯಲ್ಲಿ ರಿಕ್ಷಾದವರು ಒಬ್ಬರಿಗೊಬ್ಬರು ಬೈದುಕೊಳ್ಳುವುದನ್ನು ಕೇಳುತ್ತ ನಿಂತಾಗ, ಅದು ಇದ್ದಲ್ಲೇ ಇರುತ್ತಿತ್ತು. ಅವಳಿಗೆ ಅಳು ಬರುತ್ತಿರಲಿಲ್ಲ. ಹಲ್ಲು ಕೀಳುವ ಮೊದಲು ಚುಚ್ಚುಮದ್ದು ಕೊಟ್ಟ ದವಡೆಯ ಹಾಗೆ ಒಳಗೆಲ್ಲ ದಪ್ಪಗಾಗಿ, ಮುಟ್ಟಿದರೂ ತಿಳಿಯದಂತಾಗಿತ್ತು.

ಬರುವ ಬುಧವಾರ ಅವಳ ಅಪ್ಪ ಜಗನ್ನಾಥರಿಗೆ ಹೃದಯದ ಬೈಪಾಸ್. ಮೂರು ಕಡೆ ಬ್ಲಾಕ್. ಅದರ ಹೆದರಿಕೆ ಮನೆಮಂದಿಗೆಲ್ಲ ಇತ್ತು, ಹಾಗಾಗಿ ಒಬ್ಬೊಬ್ಬರ ಪಾಲಿಗೆ ಸ್ವಲ್ಪ ಸ್ವಲ್ಪವೇ ಬಂದಿತ್ತು. ಎಂಬತ್ತೆಂಟು ಮಾತ್ರ ಅವಳೊಬ್ಬಳದೇ. ನವಿ ಮುಂಬಯಿಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ, ಅರವತ್ತಾರು ವರ್ಷದ ಜಗನ್ನಾಥರ ನೆನಪು ಮತ್ತು ಗಮನದ ಶಕ್ತಿಗೆ ನೂರಕ್ಕೆ ಎಂಬತ್ತೆಂಟು ಅಂಕ ದಾಖಲಾಗಿತ್ತು. ಆ ಅಂಕ ಪಡೆದದ್ದು ಜಗನ್ನಾಥರಲ್ಲ. ಅವರ ಹೆಸರಿನಲ್ಲಿ ಕೂತು ಆಡಿದವಳು ಅವರ ಮಗಳು.

ಇದರ ಬುಡ ಹುಡುಕಿದರೆ ಎಂಟು ದಿನದ ಹಿಂದಿನ ಒಂದು ಬೆಳಿಗ್ಗೆಗೆ ಹೋಗಬೇಕು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಅಪ್ಪ-ಮಗಳು ಆಸ್ಪತ್ರೆ ಮುಟ್ಟಿದ್ದರು. ಸರ್ಜನ್ ಐದು ನಿಮಿಷ ಮಾತಾಡಿ, "ಪಕ್ಕದ ಕೋಣೆಯಲ್ಲಿ ಗಗನಾ ಅಂತ ಇದ್ದಾರೆ, ಅವರನ್ನೂ ನೋಡಿಕೊಂಡು ಹೋಗಿ" ಎಂದು ಕಳಿಸಿದ್ದರು. ಗಗನಾ ಮೈಸೂರಿನವಳು, ಖಾರಘರದಲ್ಲಿ ಬಾಡಿಗೆ ಮನೆ. ಕನ್ನಡದವರು ಎಂದು ತಿಳಿದದ್ದೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಹೆದರ್ಕೊಬೇಡಿ ಅಂಕಲ್. ಆಪರೇಷನ್ ಹೊತ್ತಲ್ಲಿ ನಿಮ್ಮ ಹಾರ್ಟಿನ ಕೆಲಸಾನ ಸ್ವಲ್ಪ ಹೊತ್ತು ಒಂದು ಮಷೀನ್ ಮಾಡುತ್ತೆ. ಅದಾದ್ಮೇಲೆ ವಯಸ್ಸಾದ ಕೆಲವರಿಗೆ ತಲೆ ಮಂಕಾಗುತ್ತೆ. ಎಲ್ಲಿದೀನಿ ಅಂತ ಗೊತ್ತಾಗಲ್ಲ, ಹೆಸರು ಮರೆಯುತ್ತೆ. ಸುಮಾರು ಜನಕ್ಕೆ ನಾಲ್ಕು ದಿನದಲ್ಲಿ ಸರಿಹೋಗುತ್ತೆ. ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ."

"ಆ ಮಷೀನಿಗೆ ಕನ್ನಡ ಬರ್ತದಾ?" ಎಂದರು ಜಗನ್ನಾಥ.

ಗಗನಾ ನಕ್ಕಳು. ಆಮೇಲೆ ಮೇಜಿನ ಖಾನೆಯಿಂದ ಒಂದು ಟ್ಯಾಬ್ ತೆಗೆದಳು. ಅದರಲ್ಲಿ ಆಟಗಳಿದ್ದವು. ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಆಡಬೇಕು. ಓಟದ ಮೊದಲು ಕಾಲು ಹದ ಮಾಡಿಕೊಳ್ಳುವ ಹಾಗೆ, ಆಪರೇಷನ್ನಿಗೆ ಮೊದಲು ತಲೆಗೆ ವ್ಯಾಯಾಮ. "ಇದರಿಂದ ಎಷ್ಟು ಉಪಯೋಗ ಅಂತ ನಾವೂ ಇನ್ನೂ ನೋಡ್ತಾ ಇದೀವಿ ಅಂಕಲ್, ಗ್ಯಾರಂಟಿ ಕೊಡಲ್ಲ. ದಿನದ ಸ್ಕೋರ್ ತಾನಾಗೇ ನಮಗೆ ಬರುತ್ತೆ. ಆಪರೇಷನ್ ಆದ ಮೂರನೇ ದಿನ ಒಂದ್ಸಲ, ಮೂರು ತಿಂಗಳಾದ್ಮೇಲೆ ಒಂದ್ಸಲ ಮತ್ತೆ ಆಡಿಸ್ತೀವಿ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಗೊತ್ತಾಗಬೇಕಲ್ಲ?"

ಹೊರಗೆ ಬರುವಾಗ ಅಪ್ಪ ಟ್ಯಾಬನ್ನು ಎರಡೂ ಕೈಯಲ್ಲಿ ಟ್ರೇ ಹಿಡಿದ ಹಾಗೆ ಹಿಡಿದಿದ್ದರು. "ನನ್ನ ತಲೆಗೆ ಪ್ರಾಕ್ಟೀಸ್ ಕೊಡ್ತಾರಂತೆ," ಎಂದರು. "ನಲವತ್ತು ವರ್ಷ ಪುಕ್ಕಟೆ ಪ್ರಾಕ್ಟೀಸ್ ಆದದ್ದು ಅವರಿಗೆ ಗೊತ್ತಿಲ್ಲ."

ಅದು ಜಂಬವಲ್ಲ. ಡೊಂಬಿವಲಿ ಪೂರ್ವದ ಸ್ಟೇಷನ್ ಪಕ್ಕದ 'ಪಂಚಮಿ ರಿಫ್ರೆಶ್‌ಮೆಂಟ್ಸ್'ಗೆ ಚಾ ಕುಡಿಯಲು ಹೋಗುವವರು ಯಾರೂ ಅದನ್ನು ಜಂಬ ಎನ್ನುವುದಿಲ್ಲ. ಹಿರಿಯಡ್ಕದ ಹತ್ತಿರದ ಹಳ್ಳಿಯಿಂದ ಬಂದ ಜಗನ್ನಾಥ ಮೊದಲು ದಾದರಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಡೊಂಬಿವಲಿಗೆ ಬಂದು ಸಪ್ಲೈಯರ್ ಆಗಿ, ಕೊನೆಗೆ ಸಪ್ಲೈಯರುಗಳಿಗೆಲ್ಲ ಮೇಲಿನವರಾಗಿ ಪಂಚಮಿಯ ಕ್ಯಾಪ್ಟನ್ ಆದವರು. ಅಷ್ಟು ವರ್ಷದಲ್ಲಿ ಒಂದು ಆರ್ಡರನ್ನೂ ಅವರು ಚೀಟಿಯಲ್ಲಿ ಬರೆದವರಲ್ಲ. ಹದಿನಾಲ್ಕು ಟೇಬಲ್. ಸಂಜೆ ಕಲ್ಯಾಣ ಲೋಕಲ್ ಒಂದರ ಹಿಂದೆ ಒಂದು ಖಾಲಿಯಾಗುವ ಹೊತ್ತು, ಎಲ್ಲವೂ ತುಂಬಿರುತ್ತಿದ್ದವು. ಜಗನ್ನಾಥ ಒಂದು ಸುತ್ತು ಹೊಡೆದು ಅಡುಗೆಕೋಣೆಯ ಕಿಂಡಿಗೆ ಬಂದು ಹೇಳುತ್ತಿದ್ದರು: "ಎರಡಕ್ಕೆ ಮೈಸೂರು ಮಸಾಲ ಒಂದು, ಕಡಕ್. ಐದಕ್ಕೆ ಇಡ್ಲಿ ಮುಳುಗಿಸಿ, ಚಟ್ನಿ ಬೇಡ. ಒಂಬತ್ತಕ್ಕೆ ಉತ್ತಪ್ಪ, ಈರುಳ್ಳಿ ಇಲ್ಲ, ಜೈನ್. ಹನ್ನೊಂದಕ್ಕೆ ಮೂರು ಕಟಿಂಗ್ ಚಾ, ಅದರಲ್ಲಿ ಒಂದಕ್ಕೆ ಸಕ್ಕರೆ ಇಲ್ಲ, ಅದು ವಿಠ್ಠಲವಾಡಿ ಕಶ್ಯಪರದ್ದು." ಕಾವಲಿಯ ಮುಂದೆ ನಿಂತವನು ತಲೆ ಎತ್ತುವ ಅಗತ್ಯವೂ ಇರಲಿಲ್ಲ. ಮೂರು ವರ್ಷದ ಹಿಂದೆ ಮಾಲೀಕರು ಎಲ್ಲರಿಗೂ ಆರ್ಡರ್ ಒತ್ತುವ ಮಷೀನ್ ಕೊಟ್ಟರು. ಜಗನ್ನಾಥ ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು, ಮೊದಲಿನ ಹಾಗೆಯೇ ಬಾಯಲ್ಲಿ ಹೇಳಿ, ಗಿರಾಕಿ ತಿಂದು ಎದ್ದು ಹೋದ ಮೇಲೆ ಮಾಲೀಕರ ಸಮಾಧಾನಕ್ಕೆ ಒತ್ತುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು ಅವರದು. ಒಬ್ಬನ ಟೇಬಲಿಗೆ ಇನ್ನೊಬ್ಬ ಹೇಳದೆ ಹೋಗಬಾರದು. ಪೃಥ್ವಿರಾಜ್ ಎಂಬ ಸಪ್ಲೈಯರ್ ಒಮ್ಮೆ, ಸಹಾಯ ಮಾಡೋಣವೆಂದೇ, ಜಗನ್ನಾಥರ ಏಳನೇ ಟೇಬಲಿನ ಆರ್ಡರ್ ತೆಗೆದುಕೊಂಡ. ಅವನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದರು. "ನನ್ನ ತಲೆಯಲ್ಲಿ ಏಳು ಖಾಲಿ ಇತ್ತು. ಖಾಲಿ ಅಂತ ನಂಬಿಕೊಂಡು ಎಂಟಕ್ಕೆ ಹೋದೆ. ಅವನು ಮಾಡಿದ್ದು ಸಹಾಯ ಅಲ್ಲ, ನನ್ನ ತಲೆಯನ್ನೇ ಸುಳ್ಳು ಮಾಡಿದ್ದು," ಎನ್ನುತ್ತಿದ್ದರು. ಮನೆಯಲ್ಲಿ ಈ ಕಥೆ ಎಷ್ಟು ಸಲ ಆಗಿತ್ತೆಂದರೆ, ಅಪ್ಪ "ಪೃಥ್ವಿ" ಎನ್ನುವಾಗಲೇ ಅಮ್ಮ ಜಲಜಾಕ್ಷಿ ಎದ್ದು ಒಳಗೆ ಹೋಗುತ್ತಿದ್ದಳು.

ಇಂಥವರು ಮೊದಲ ಶನಿವಾರ ಊಟ ಮುಗಿಸಿ, ಕನ್ನಡಕ ಒರೆಸಿಕೊಂಡು, ಟ್ಯಾಬಿನ ಮುಂದೆ ಕೂತರು. ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಎರಡು ಚಿತ್ರದ ಹಿಂದೆ ಬಂದದ್ದೇ ಮತ್ತೆ ಬಂದರೆ ಒತ್ತಬೇಕು. ಅಪ್ಪ ಪ್ರತಿಯೊಂದನ್ನೂ ಗಟ್ಟಿಯಾಗಿ ಹೇಳತೊಡಗಿದರು. "ಛತ್ರಿ. ಚಾದ ಕಿಟ್ಲಿ. ದೀಪ." ಹೆಸರು ಬಾಯಿಂದ ಹೊರಬೀಳುವಷ್ಟರಲ್ಲಿ ಚಿತ್ರ ಹೋಗಿರುತ್ತಿತ್ತು. ಬೆರಳು ಗಾಜಿನ ಮೇಲೆ ತಡೆದು ತಡೆದು ಇಳಿಯುತ್ತಿತ್ತು. ಒಂದು ಗಂಟೆ ಮುಗಿದಾಗ ಪರದೆಯ ಮೇಲೆ ಇಪ್ಪತ್ತೇಳು ಎಂದು ಬಂತು. ಅಡಿಯಲ್ಲಿ ಮುಖ ಸಪ್ಪೆ ಮಾಡಿಕೊಂಡ ಒಂದು ಹಳದಿ ಚೆಂಡು.

"ನೂರಕ್ಕಾ?" ಎಂದು ಕೇಳಿದರು.

"ಮೊದಲನೇ ದಿನ ಅಲ್ವಾ ಅಪ್ಪ."

"ಮಾತಾಡುವ ಗಿರಾಕಿಯ ಆರ್ಡರ್ ತೆಗೀಬಹುದು. ಇದಕ್ಕೆ ಬಾಯಿಯೇ ಇಲ್ಲ. ಮುಖ ಮಾತ್ರ ಉಂಟು," ಎಂದು ಆ ಹಳದಿ ಚೆಂಡನ್ನು ತೋರಿಸಿ, ಟ್ಯಾಬನ್ನು ಕಪಾಟಿನ ಮೇಲೆ, ಹಳೆಯ ಪಂಚಾಂಗಗಳ ಹಿಂದೆ ಇಟ್ಟುಬಿಟ್ಟರು. ಆ ಸಂಜೆ ಚಾ ಕುಡಿಯಲಿಲ್ಲ. ಭಾನುವಾರ ನಿಕಿತಾ "ಕೂರ್ತೀರಾ ಅಪ್ಪ?" ಎಂದದ್ದಕ್ಕೆ, "ಮಕ್ಕಳಾಟ ದಿಶಾಳಿಗೆ ಕೊಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮಧ್ಯಾಹ್ನ ನಿಕಿತಾಳ ಫೋನಿಗೆ ಆಸ್ಪತ್ರೆಯಿಂದ ಸಂದೇಶ ಬಂತು. ಇಂದಿನ ಅಭ್ಯಾಸ ಬಾಕಿ ಇದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಅಪ್ಪನ ಹೆಸರಿನಲ್ಲಿ ನಿಕಿತಾ ತುಂಬದ ಫಾರ್ಮ್ ಎಂಬುದು ಆ ಮನೆಯಲ್ಲಿರಲಿಲ್ಲ. ಹೋಟೆಲಿನ ಕೆಲಸಕ್ಕೆ ಬೆಳಿಗ್ಗೆ ಐದಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಬರುವವರ ಮನೆಗಳಲ್ಲಿ ಓದು ಬಂದ ಮೊದಲ ಮಗುವಿಗೇ ಈ ಕೆಲಸ. ಐದನೇ ಕ್ಲಾಸಿನಲ್ಲಿ ರೇಷನ್ ಕಾರ್ಡಿನ ಮರಾಠಿ ಅರ್ಜಿಯಿಂದ ಶುರುವಾದದ್ದು. ಗ್ಯಾಸ್ ಬುಕಿಂಗ್, ವೋಟರ್ ಕಾರ್ಡ್, ಆಧಾರ್, ಕೆವೈಸಿ, ಲಸಿಕೆಯ ಸ್ಲಾಟ್. "ನಿಕ್ಕಿ, ಇದು ಸ್ವಲ್ಪ ತುಂಬಿಸು" ಎಂದು ಅಪ್ಪ ಕಾಗದವನ್ನು ಟಿ.ವಿ. ಮೇಲೆ ಇಟ್ಟು ಹೋಗುತ್ತಿದ್ದರು. ಅವಳು ತುಂಬಿ ತೋರಿಸುತ್ತಿದ್ದಳು, ಅವರು ಓದದೆ ಸಹಿ ಹಾಕುತ್ತಿದ್ದರು. ಒಟಿಪಿ ಅವಳ ಫೋನಿಗೇ ಬರುತ್ತಿತ್ತು. ಮದುವೆಯಾಗಿ ಖಾರಘರಕ್ಕೆ ಹೋದ ಮೇಲೂ ಅಪ್ಪನ ಜನ್ಮದಿನ, ಪ್ಯಾನ್ ನಂಬರ್, ತಾಯಿಯ ಹೆಸರು ಅವಳ ಬಾಯಲ್ಲೇ ಇದ್ದವು. ಈಗ ಆಪರೇಷನ್ ಮುಗಿಯುವವರೆಗೆಂದು ದಿಶಾಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಆಪರೇಷನ್ನಿಗೆ ಒಪ್ಪಿಗೆ ಎಂಬ ಏಳು ಪುಟದ ಕಾಗದವನ್ನು ಮೊನ್ನೆ ತುಂಬಿದ್ದೂ ಅವಳೇ.

ಹಾಗಾಗಿ ಆ ಭಾನುವಾರ ಅವಳ ಕೈ ಪಂಚಾಂಗದ ಹಿಂದೆ ಹೋದಾಗ, ತಾನು ತಪ್ಪು ಮಾಡುತ್ತಿದ್ದೇನೆಂದು ಅವಳಿಗೆ ಅನ್ನಿಸಲಿಲ್ಲ. ಅಪ್ಪ ನಿದ್ದೆಯಲ್ಲಿದ್ದರು. ಆಸ್ಪತ್ರೆಯವರು ಈ ಅಭ್ಯಾಸದ ಪಟ್ಟಿಯಿಂದ ಹೆಸರು ತೆಗೆದುಬಿಟ್ಟರೆ ಎಂಬ ಭಯ. ಒಂದು ದಿನದ ಮಟ್ಟಿಗೆ ತಾನು ತುಂಬಿಬಿಟ್ಟರೆ ನಾಳೆಯಿಂದ ಅಪ್ಪನನ್ನು ಹೇಗಾದರೂ ಕೂರಿಸಬಹುದು ಎಂದುಕೊಂಡಳು. ಫಾರ್ಮಿಗಾದರೆ ಕೊನೆಯಲ್ಲಿ ಅಪ್ಪನ ಸಹಿ ಬೇಕಿತ್ತು. ಟ್ಯಾಬ್ ಸಹಿ ಕೇಳಲಿಲ್ಲ.

ಸೋಮವಾರವೂ ಅವಳೇ ಆಡಿದಳು. ಮಂಗಳವಾರ ದಿಶಾಳನ್ನು, ಇಲ್ಲಿರುವಷ್ಟು ದಿನಕ್ಕೆಂದು ಸೇರಿಸಿದ್ದ ಹತ್ತಿರದ ಪ್ಲೇಸ್ಕೂಲಿಗೆ ಬಿಟ್ಟು ಬಂದು, ಬಚ್ಚಲಿನ ಬಾಗಿಲು ಹಾಕಿಕೊಂಡು, ಬಕೆಟ್ ಮಗುಚಿ ಅದರ ಮೇಲೆ ಕೂತು ಆಡಿದಳು. ಅವಳು ಯಾರಿಗೂ ಹೇಳಲಾರದ ಸಂಗತಿಯೆಂದರೆ, ಅವಳಿಗೆ ಅದು ಇಷ್ಟವಾಗತೊಡಗಿತ್ತು. ದಿಶಾ ಹುಟ್ಟಿದ ಮೇಲೆ ಮೂರು ವರ್ಷ ಅವಳ ತಲೆಗೆ ಯಾರೂ ಅಂಕ ಕೊಟ್ಟಿರಲಿಲ್ಲ. ಎಪ್ಪತ್ತೊಂದು, ಎಪ್ಪತ್ತಾರು, ಎಂಬತ್ತಮೂರು. ಬುಧವಾರ ಎಂಬತ್ತೆಂಟು ಬಂದಾಗ, ಹಳದಿ ಚೆಂಡು ಹಲ್ಲು ಬಿಟ್ಟು ನಕ್ಕಾಗ, ಬಚ್ಚಲಿನಲ್ಲಿ ಒಬ್ಬಳೇ ಕೂತು ಅವಳೂ ನಕ್ಕಿದ್ದಳು.

ನಕ್ಕು ಬಾಯಿ ಮುಚ್ಚುವ ಮೊದಲೇ ಅವಳಿಗೆ ಅರ್ಥವಾಯಿತು.

ಆಪರೇಷನ್ ಆದ ಮೂರನೇ ದಿನ ಇದೇ ಆಟವನ್ನು ಅಪ್ಪನ ಕೈಗೆ ಕೊಡುತ್ತಾರೆ. ಇಪ್ಪತ್ತೈದು ಬರುತ್ತದೆ. ಎಂಬತ್ತೆಂಟಿದ್ದ ಮನುಷ್ಯ ಇಪ್ಪತ್ತೈದಕ್ಕೆ ಬಿದ್ದ ಎಂದು ಸ್ಕ್ಯಾನ್ ಮಾಡಿಸುತ್ತಾರೆ, ಇಲ್ಲದ ರೋಗಕ್ಕೆ ಔಷಧ ಹಾಕುತ್ತಾರೆ. ಅದಲ್ಲದಿದ್ದರೆ ಇನ್ನೊಂದು. ನಿಜವಾಗಿಯೇ ತಲೆಗೆ ಏಟು ಬಿದ್ದರೆ, ಎಷ್ಟು ಹೋಯಿತು ಎಂದು ಯಾರಿಗೂ ತಿಳಿಯುವುದಿಲ್ಲ, ಯಾಕೆಂದರೆ ಎಷ್ಟಿತ್ತು ಎಂದು ಯಾರಿಗೂ ಗೊತ್ತಿಲ್ಲ. ಅಷ್ಟೇ ಅಲ್ಲ, ತಲೆಗೆ ಸಿಗಬೇಕಿದ್ದ ವ್ಯಾಯಾಮವೂ ಅಪ್ಪನಿಗೆ ಸಿಕ್ಕಲಿಲ್ಲ. ಅದನ್ನು ಅವಳು ತಿಂದುಬಿಟ್ಟಿದ್ದಳು.

ಗುರುವಾರ ಅವಳು ಬೇಕೆಂದೇ ತಪ್ಪು ಒತ್ತಿ ಅಂಕವನ್ನು ಎಪ್ಪತ್ತಕ್ಕೆ ಇಳಿಸಿದಳು. ಶುಕ್ರವಾರ ಅರವತ್ತೊಂದಕ್ಕೆ. ಆಮೇಲೆ ಹೊಸ ಚಿಂತೆ ಹಿಡಿಯಿತು. ಮುದುಕರು ದಿನದಿಂದ ದಿನಕ್ಕೆ ಇಳಿಯುತ್ತಿದ್ದಾರೆ ಎಂದು ಆಸ್ಪತ್ರೆಯವರು ತಿಳಿದರೆ? ಗಂಡ ಸುಜನ್ ಖಾರಘರದಿಂದ ಫೋನ್ ಮಾಡಿ "ಎಲ್ಲ ಸರಿ ಉಂಟಲ್ಲ?" ಎಂದಾಗ "ಉಂಟು" ಎಂದಳು. ಗಗನಾಳ ನಂಬರನ್ನು ಮೂರು ಸಲ ತೆರೆದು ಮೂರು ಸಲ ಮುಚ್ಚಿದಳು.

ಶನಿವಾರ ನಾಲ್ಕು ಗಂಟೆಗೆ, ಚಾದ ಪಾತ್ರೆ ತೊಳೆದಾದ ಮೇಲೆ, ಅಪ್ಪನ ಅಂಗಿ ನೆನೆಹಾಕಲು ಹೋಗಿ ಜೇಬು ತಡವಿದಳು. ಚೀಟಿಗಳು ಸಿಕ್ಕವು.

ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಅಂಗೈಯಗಲಕ್ಕೆ ಹರಿದು ಮಾಡಿದ ಚೀಟಿಗಳು. ಒಂದೆರಡಲ್ಲ, ಒಂಬತ್ತು. ರಾತ್ರಿಶಾಲೆಯ ಗುಂಡಗಿನ ಕನ್ನಡ ಅಕ್ಷರ. 'ಎಂಟು ಗಂಟೆಗೆ ಬಿ.ಪಿ. ಗುಳಿಗೆ ತಿಂದೆ.' 'ತಿಂಡಿ ಸಜ್ಜಿಗೆ ಅವಲಕ್ಕಿ.' 'ಹತ್ತೂಕಾಲಿಗೆ ಕಶ್ಯಪರ ಫೋನ್ ಬಂತು.' 'ದಿಶಾಳಿಗೆ ಚಿಕ್ಕು ಕೊಟ್ಟೆ, ಎರಡು.' 'ಲಿಫ್ಟ್ ಬಂದ್, ಮೆಟ್ಟಿಲು ಹತ್ತಲಿಲ್ಲ, ಕೆಳಗೆ ಕೂತೆ.' ಹೀಗೇ. ಕೊನೆಯ ಚೀಟಿಯಲ್ಲಿ ಎರಡು ಸಾಲು.

'ಇವತ್ತು ಟ್ಯಾಬ್ ಮುಟ್ಟಲಿಲ್ಲ.'

ಅದರ ಕೆಳಗೆ, ಒತ್ತಿ ಬರೆದದ್ದು: 'ಮುಟ್ಟಿದೆನಾ?'

ನಿಕಿತಾ ಒದ್ದೆ ಕೈಯಲ್ಲೇ ಅಡುಗೆಮನೆಗೆ ಹೋದಳು. ಅಮ್ಮ ಮೀನು ಹುರಿಯಲು ಮಸಾಲೆ ಕಲಸುತ್ತಿದ್ದಳು.

"ಅಮ್ಮ, ಅಪ್ಪ ಯಾವಾಗಿನಿಂದ ಚೀಟಿ ಬರೀತಾರೆ?"

"ಮೊನ್ನೆಯಿಂದ. ನಾನು ಕೇಳಿದ್ದಕ್ಕೆ 'ನಿನ್ನ ಕೆಲಸ ನೋಡು' ಅಂದ್ರು. ನಾನು ನೋಡ್ತಾ ಇದ್ದೇನೆ." ಅಮ್ಮ ಮಸಾಲೆಯ ಬೆರಳನ್ನು ಬಟ್ಟಲಿನ ಅಂಚಿಗೆ ಒರೆಸಿದಳು. "ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಹುಡುಗಿ ಇವರಿಗೆ ಫೋನ್ ಮಾಡಿದ್ದಳು. ನೀನು ಬಾಲೆಯನ್ನು ಶಾಲೆಗೆ ಬಿಡ್ಲಿಕ್ಕೆ ಹೋಗಿದ್ದಿ. 'ಅಂಕಲ್ ಐದು ದಿನದಲ್ಲಿ ಎಂಬತ್ತೆಂಟಕ್ಕೆ ಬಂದಿದ್ದೀರಿ, ನೀವೇ ಎಲ್ಲರಿಗಿಂತ ಮೇಲೆ' ಅಂತ ಏನೋ ಹೇಳಿದಳು. ಸ್ಪೀಕರಲ್ಲಿತ್ತು, ನನಗೂ ಕೇಳಿತು. ಇವರು 'ಥ್ಯಾಂಕ್ಯೂ' ಅಂದ್ರು. ಮತ್ತೆ ಮಾತೇ ಇಲ್ಲ. ಒಳ್ಳೇದಲ್ವಾ ಮಾರಾಯ್ತಿ, ಮತ್ತೆ ಯಾಕೆ ಮುಖ ಹೀಗೆ?"

ನಿಕಿತಾ ಚೀಟಿಗಳನ್ನು ಹಿಡಿದುಕೊಂಡೇ ಹಾಲಿನ ಕಡೆ ತಿರುಗಿದಳು. ಚೀಟಿಗಳ ಶಾಯಿ ಅವಳ ಒದ್ದೆ ಬೆರಳಿಗೆ ಹತ್ತಿತ್ತು.

ಹಾಲಿನಲ್ಲಿ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ದಿಶಾ ನೆಲದಲ್ಲಿ ಗೊಂಬೆಗಳನ್ನು ಸಾಲಾಗಿ ಕೂರಿಸಿ, "ಅಜ್ಜ, ಆರ್ಡರ್ ಲೋ ನಾ," ಎಂದು ಆರ್ಡರ್ ತೆಗೆದುಕೊಳ್ಳಲು ಅವರ ಪಂಚೆ ಎಳೆಯುತ್ತಿದ್ದಳು. ಒಂದು ವಾರದ ಹಿಂದೆಯಾದರೆ ಅಜ್ಜ ಎದ್ದು, ಹೆಗಲಿಗೆ ಟವೆಲ್ ಹಾಕಿ, ಆನೆಗೆ ಏನು, ಕರಡಿಗೆ ಏನು ಎಂದು ಕೇಳಿ, ಅಡುಗೆಮನೆಯ ಬಾಗಿಲಿಗೆ ಹೋಗಿ ಕೂಗುತ್ತಿದ್ದರು.

"ಈಗ ಬೇಡ ಮಗಾ," ಎಂದರು ಅಪ್ಪ. ನಿಕಿತಾಳನ್ನು ಕಂಡು, "ಒಳ್ಳೇದಾಯ್ತು ಬಂದದ್ದು. ಆಸ್ಪತ್ರೆಗೆ ಒಂದು ಫೋನ್ ಮಾಡು ನಿಕ್ಕಿ. ಬುಧವಾರದ್ದು ಬೇಡ ಅಂತ ಹೇಳು."

"ಯಾವುದು ಬೇಡ?"

"ಆಪರೇಷನ್."

 ಕೆಳಗೆ ಯಾರೋ ಗುಜರಿಯವನು ಹಳೆ ಪೇಪರ್, ಪ್ಲಾಸ್ಟಿಕ್ ಎಂದು ಕೂಗಿಕೊಂಡು ಹೋದ.

"ಎದೆ ಕೆಟ್ಟರೆ ಕೆಟ್ಟಿತು," ಎಂದರು ಅಪ್ಪ, ಆರ್ಡರ್ ಹೇಳುವಷ್ಟೇ ಸಮವಾದ ದನಿಯಲ್ಲಿ. "ಸ್ಟೇಷನ್ನಿನ ಬ್ರಿಜ್ ಹತ್ತುವುದಿಲ್ಲ. ಮನೆಯಲ್ಲಿ ಕೂತು ತಿಂತೇನೆ. ಆದ್ರೆ ತಲೆ ಈಗಲೇ ಹೋಗಿ ಆಯ್ತಲ್ಲ. ಇನ್ನು ಕೊಯ್ದ ಮೇಲೆ ಉಳಿಯುವುದು ಎಂತ?"

"ತಲೆ ಹೋಗಿದೆ ಅಂತ ಯಾರು ಹೇಳಿದ್ದು?"

"ಯಾರೂ ಹೇಳ್ಬೇಕಾ? ಐದು ದಿನ ಕೂತು ಆಡಿದ್ದೇನಂತೆ. ಎಲ್ಲರಿಗಿಂತ ಮೇಲೆ ಬಂದಿದ್ದೇನಂತೆ. ನನಗೆ ಒಂದೇ ದಿನದ್ದು ನೆನಪು. ಮತ್ತೆ ನಾಲ್ಕು ದಿನ ಎಲ್ಲಿ ಕೂತೆ, ಯಾವ ಹೊತ್ತಿಗೆ ಕೂತೆ, ಒಂದೂ ಇಲ್ಲ. ಗುಡಿಸಿ ಹಾಕಿದ ಹಾಗೆ."

"ಆಸ್ಪತ್ರೆಯವರದ್ದೇ ತಪ್ಪಿರಬಹುದು ಅಂತ ಅನ್ನಿಸಲಿಲ್ವಾ?"

"ಅನ್ನಿಸಿತು. ಅದಕ್ಕೇ ಕಪಾಟಿನ ಮೇಲೆ ನೋಡಿದೆ. ನಾನು ಪಂಚಾಂಗದ ಹಿಂದೆ ಇಟ್ಟ ಸಾಮಾನು ಚಾರ್ಜಿಂಗಿಗೆ ಹಾಕಿ ಉಂಟು. ಯಾರು ಹಾಕಿದ್ದು? ನಿನ್ನ ಅಮ್ಮ ಮಿಕ್ಸಿ ಬಿಟ್ಟು ಬೇರೆ ಸ್ವಿಚ್ ಮುಟ್ಟುವವಳಲ್ಲ."

"ನಾನು ಹಾಕಿರಬಹುದಲ್ಲ?"

"ನೀನು ಮಾಡಿದ್ರೆ ಹೇಳ್ತಿದ್ದಿ." ಅಪ್ಪ ಅವಳ ಕಡೆ ನೋಡಲೂ ಇಲ್ಲ, ಅಷ್ಟು ಖಚಿತ. "ಯಾವ ಫಾರ್ಮ್ ತುಂಬಿಸಿದ್ರೂ ಕೊನೆಗೆ ತಂದು ತೋರಿಸ್ತಿ. ಸಣ್ಣಂದಿನಿಂದ ಹಾಗೆಯೇ."

ನಿಕಿತಾಳಿಗೆ ಆಗಲೂ ಅಳು ಬರಲಿಲ್ಲ. ಕಾಲಡಿಯಲ್ಲಿ ದಿಶಾಳ ಪ್ಲಾಸ್ಟಿಕ್ ಚಮಚ ಸಿಕ್ಕಿ ಚುಚ್ಚುತ್ತಿತ್ತು. ಅದನ್ನು ಸರಿಸಬೇಕು ಎಂದು ಅನ್ನಿಸಿತು, ಸರಿಸಲಿಲ್ಲ. ತನ್ನ ದನಿ ಬೇರೆಲ್ಲಿಂದಲೋ ಬಂದಂತೆ ಕೇಳಿತು.

"ಈ ಸಲ ತೋರಿಸಲಿಲ್ಲ ಅಪ್ಪ."

"ಎಂತ?"

"ಆಡಿದ್ದು ನಾನು. ಭಾನುವಾರದಿಂದ ನಿನ್ನೆವರೆಗೆ, ಆರು ದಿನ. ನಿಮ್ಮ ಹೆಸರು ಪಟ್ಟಿಯಿಂದ ತೆಗೀತಾರೆ ಅಂತ ಹೆದರಿ ಮಾಡಿದೆ. ಆಮೇಲೆ ಬಿಡ್ಲಿಕ್ಕೆ ಆಗಲಿಲ್ಲ. ಎಂಬತ್ತೆಂಟು ನನ್ನದು. ನಿಮಗೆ ನೆನಪಿಲ್ಲದ್ದು ಮರೆತು ಹೋದದ್ದಲ್ಲ. ನೀವು ಮಾಡಲೇ ಇಲ್ಲ."

ಅಪ್ಪ ಕಿಟಕಿಯ ಸರಳನ್ನು ಹಿಡಿದುಕೊಂಡರು. ದಿಶಾ ಆನೆಯನ್ನು ಅವರ ತೊಡೆಯ ಮೇಲೆ ಇಟ್ಟಳು. ಅದನ್ನು ತೆಗೆದು ಕೆಳಗಿಡಲಿಲ್ಲ.

"ಮುಟ್ಟಲಿಲ್ಲ," ಎಂದರು ಕೊನೆಗೆ, ತಮಗೆ ತಾವೇ. ಚೀಟಿಯಲ್ಲಿದ್ದ ಪ್ರಶ್ನೆಗೆ ಉತ್ತರದ ಹಾಗೆ. ಆಮೇಲೆ ಅವಳ ಕಡೆ ತಿರುಗಿದರು. "ನನ್ನ ಟೇಬಲಿಗೆ ನೀನು ಯಾಕೆ ಹೋದದ್ದು?"

ಅವಳು ಬಗ್ಗಿ ಕಾಲಡಿಯ ಚಮಚವನ್ನು ಎತ್ತಿಕೊಂಡಳು.

"ಎರಡು ದಿನ ಆಯ್ತು ನಿಕ್ಕಿ. ಎರಡು ದಿನದಿಂದ ನಾನು ಗುಳಿಗೆ ತಿಂದು ಚೀಟಿ ಬರೀತಾ ಇದ್ದೇನೆ. ಹೆಂಡತಿಯ ಮುಖ ನೋಡಿ, ಇವಳ ಹೆಸರು ನಾಳೆ ಬರ್ತದಾ ಇಲ್ವಾ ಅಂತ ನೋಡ್ತಾ ಇದ್ದೇನೆ. ಪೃಥ್ವಿರಾಜ ಒಂದು ದೋಸೆಯ ವಿಷಯ ಮಾಡಿದ್ದ. ನೀನು..." ಅಲ್ಲಿಗೆ ನಿಲ್ಲಿಸಿದರು. ಎದೆಯ ಮೇಲೆ ಅಂಗೈ ಇಟ್ಟು ಉಸಿರು ಎಳೆದುಕೊಂಡರು. ಅವಳು ಮುಂದೆ ಬಂದಳು. ಬೇಡ ಎಂದು ಕೈ ಮಾಡಿದರು.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಮಸಾಲೆಯ ಕೈಯನ್ನು ಸೀರೆಗೆ ತಗುಲದಂತೆ ಎತ್ತಿ ಹಿಡಿದುಕೊಂಡು. "ಎರಡು ತಿಂಗಳು ಮಾತು ಬಿಡ್ಲಿಕ್ಕೆ ನಿಮಗೆ ಟೈಮ್ ಇಲ್ಲ ಈಗ," ಎಂದಳು ಗಂಡನಿಗೆ. "ಬುಧವಾರ ಉಂಟು."

ಅಪ್ಪನ ಬಾಯಿಯ ಒಂದು ಬದಿ ಸ್ವಲ್ಪ ಸಡಿಲಾಯಿತು. "ಎಂಬತ್ತೆಂಟು ಮಾತ್ರವಾ?" ಎಂದು ಮಗಳನ್ನು ಕೇಳಿದರು. "ಕಾಲೇಜು ಓದಿದವಳು. ಉಳಿದ ಹನ್ನೆರಡು ಪ್ಲೇಟ್ ಎಲ್ಲಿ ಬೀಳಿಸಿ ಬಂದಿ?"

ನಗು ಬರಬೇಕಿತ್ತು. ಬರಲಿಲ್ಲ. ಅವಳು ಕೈಯಲ್ಲಿದ್ದ ಚೀಟಿಗಳನ್ನು ಅವರ ಮುಂದೆ ಹಿಡಿದಳು.

"ಕೊಡಬೇಡ. ನಿನ್ನ ಹತ್ರವೇ ಇರಲಿ," ಎಂದರು ಅಪ್ಪ. ಬೆನ್ನು ನೇರ ಮಾಡಿಕೊಂಡರು. "ನೋಡಿಕೋ. ಎಂಟು ಗಂಟೆಗೆ ಬಿ.ಪಿ. ಗುಳಿಗೆ. ಸಜ್ಜಿಗೆ ಅವಲಕ್ಕಿ. ಹತ್ತೂಕಾಲಿಗೆ ಕಶ್ಯಪರ ಫೋನ್. ಲಿಫ್ಟ್ ಬಂದ್, ಕೆಳಗೆ ಕೂತದ್ದು. ಹನ್ನೆರಡಕ್ಕೆ ರಕ್ತ ತೆಳು ಮಾಡುವ ಗುಳಿಗೆ. ಸೊಸೈಟಿಯ ವಾಚ್‌ಮನ್ ಬದಲಾದದ್ದು. ಸಂಜೆ ಬಿಸಿಲು ಜಾಸ್ತಿ, ಹೊರಗೆ ಹೋಗಲಿಲ್ಲ. ಟ್ಯಾಬ್ ಮುಟ್ಟಲಿಲ್ಲ."

ಅವಳು ಚೀಟಿಗಳನ್ನು ಒಂದೊಂದಾಗಿ ಹಿಂದಕ್ಕೆ ಹಾಕುತ್ತ ಬಂದಳು. ಒಂದು ಉಳಿಯಿತು. ಅದನ್ನು ಉಳಿದವುಗಳ ಹಿಂದೆ ಸೇರಿಸಿ "ಎಲ್ಲ ಸರಿ" ಎಂದುಬಿಡುವುದು ಬಹಳ ಸುಲಭವಿತ್ತು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು.

"ಒಂದು ಬಿಟ್ಟುಹೋಯ್ತು ಅಪ್ಪ."

"ಯಾವುದು?"

"ದಿಶಾಳಿಗೆ ಚಿಕ್ಕು ಕೊಟ್ಟದ್ದು."

"ಹ್ಞಾ." ಅಪ್ಪ ತಲೆಯಾಡಿಸಿದರು. "ಎರಡು. ಬಿಟ್ಟದ್ದು ಹೌದು." ತೊಡೆಯ ಮೇಲಿದ್ದ ಆನೆಯನ್ನು ದಿಶಾಳ ಕೈಗೆ ಕೊಡುತ್ತ, "ಬಿಟ್ಟದ್ದು ಹೇಳಿದ್ದು ಒಳ್ಳೇದಾಯ್ತು," ಎಂದರು.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಶನಿವಾರ ಐದಕ್ಕೆ ಗಗ‌ನಾಳ ಕೋಣೆ ಮುಚ್ಚುತ್ತದೆ. ಭಾನುವಾರ ರಜೆ. ಹತ್ತು ದಿನದಲ್ಲಿ ಉಳಿದದ್ದು ಮೂರು, ಇವತ್ತನ್ನೂ ಸೇರಿಸಿ. ಮಂಗಳವಾರ ಅಡ್ಮಿಟ್.

"ಫೋನ್ ಮಾಡು," ಎಂದರು ಅಪ್ಪ.

"ಬೇಡ ಅಂತ ಹೇಳ್ಲಿಕ್ಕಾ?"

"ಅದು ನಾನು ಹೇಳಿದ್ದು ಬೇರೆ ಲೆಕ್ಕದಲ್ಲಿ. ಈಗ ಲೆಕ್ಕ ಬೇರೆ ಆಯ್ತಲ್ಲ. ಇದ್ದದ್ದು ಹೇಳು. ನಂದು ಇಪ್ಪತ್ತೇಳು ಅಂತ ಹೇಳು."

"ಬೈತಾರೆ ಅಪ್ಪ. ಪಟ್ಟಿಯಿಂದ ತೆಗೀತಾರೆ. ಡಾಕ್ಟರಿಗೆ ಸಿಟ್ಟು ಬಂದು ಡೇಟು ಮುಂದೆ ಹಾಕಿದ್ರೆ? ಅಷ್ಟರಲ್ಲಿ ನಿಮಗೆ ಏನಾದರೂ ಆದ್ರೆ?"

"ಆಗಬಹುದು," ಎಂದರು ಅಪ್ಪ. ಅವರು ಸಮಾಧಾನ ಹೇಳುವವರಲ್ಲ. "ಆದ್ರೆ ನಾನು ಕೊಯ್ಸಿಕೊಂಡು ಏಳುವಾಗ ನನ್ನ ತಲೆ ಎಷ್ಟಿತ್ತು ಅಂತ ಒಬ್ಬರಿಗಾದ್ರೂ ಗೊತ್ತಿರಬೇಕಲ್ಲ. ಇಪ್ಪತ್ತೇಳಾದ್ರೂ ಅದು ನನ್ನದು. ಇಪ್ಪತ್ತಕ್ಕೆ ಇಳಿದ್ರೆ ಏಳು ಹೋಯ್ತು ಅಂತ ಅವರಿಗೆ ತಿಳಿಯಲಿ."

ಅವಳು ಫೋನ್ ತೆಗೆದಳು. ಶಾಯಿ ಹತ್ತಿದ ಹೆಬ್ಬೆರಳನ್ನು ಫೋನ್ ಗುರುತಿಸಲಿಲ್ಲ. ದುಪಟ್ಟಾಕ್ಕೆ ಒರೆಸಿ ಮತ್ತೆ ಒತ್ತಿದಳು. ಗಗನಾಳ ಹೆಸರು ಮೇಲೆಯೇ ಇತ್ತು, ಮೂರು ಸಲ ತೆರೆದು ಮುಚ್ಚಿದ ನಂಬರ್. ಈ ಸಲ ಕಿವಿಗೆ ಇಟ್ಟುಕೊಂಡಳು. ಒಂದು ರಿಂಗ್, ಎರಡು. ಎತ್ತದಿದ್ದರೆ ಸಾಕು ಎಂದು ಒಂದು ಕ್ಷಣ ಅನ್ನಿಸಿತು. ಎತ್ತದಿದ್ದರೆ ಸೋಮವಾರದವರೆಗೆ ಇದನ್ನು ಹೊತ್ತುಕೊಂಡು ತಿರುಗಬೇಕು ಎಂದೂ ಅನ್ನಿಸಿತು. ಮೂರು. ನಾಲ್ಕು.

"ಹಲೋ, ನಿಕಿತಾ ಅವರೇ! ಈಗ ತಾನೇ ಬ್ಯಾಗ್ ಹಾಕ್ಕೊಂಡೆ ನೋಡಿ. ಹೇಳಿ, ನಮ್ಮ ಚಾಂಪಿಯನ್ ಅಂಕಲ್ ಹೇಗಿದಾರೆ?"

"ಗಗನಾ ಅವರೇ," ಎಂದಳು ನಿಕಿತಾ. "ಅಪ್ಪನ ಹೆಸರಿನಲ್ಲಿ ಬಂದ ಎಂಬತ್ತೆಂಟು ನನ್ನದು. ಮೊದಲ ಶನಿವಾರದ ಇಪ್ಪತ್ತೇಳು ಮಾತ್ರ ಅವರದು. ಉಳಿದ ಆರು ದಿನವೂ ನಾನೇ ಆಡಿದ್ದು. ಅವರಿಗೆ ಗೊತ್ತಿರಲಿಲ್ಲ."

ಆ ಕಡೆ ಹಿಂದೆ ಎಲ್ಲೋ ಯಾರೋ ಟೋಕನ್ ನಂಬರ್ ಕೂಗುತ್ತಿದ್ದರು. ಅಪ್ಪ ಎದ್ದು ನಿಧಾನವಾಗಿ ಚಾರ್ಜಿಂಗಿನಿಂದ ಟ್ಯಾಬ್ ಬಿಡಿಸಿದರು. ಊಟದ ಮೇಜಿಗೆ ತಂದಿಟ್ಟು, ಕುರ್ಚಿಯ ಬೆನ್ನಿಗೆ ಹಾಕಿದ್ದ ಟವೆಲಿನಿಂದ ಅದರ ಗಾಜನ್ನು ಟೇಬಲ್ ಒರೆಸುವ ಹಾಗೆ ಮೂಲೆಯಿಂದ ಮೂಲೆಗೆ ಒರೆಸಿದರು. ಕನ್ನಡಕ ಹಾಕಿಕೊಂಡು, ಬೇಗ ಮುಗಿಸು ಎನ್ನುವಂತೆ ಅವಳ ಕಡೆ ನೋಡಿದರು.

"ಒಂದ್ನಿಮಿಷ ಇರಿ," ಎಂದಳು ಗಗನಾ. ಕುರ್ಚಿ ಎಳೆದ ಸದ್ದು, ಬ್ಯಾಗಿನ ಜಿಪ್ ತೆಗೆದ ಸದ್ದು. "ಪೆನ್ ತಗೋತೀನಿ. ಅಂಕಲ್ ಪಕ್ಕದಲ್ಲೇ ಇದಾರಾ?"

"ಇದ್ದಾರೆ."

"ಸರಿ. ಶನಿವಾರದಿಂದ ಹೇಳಿ. ಒಂದೊಂದಾಗಿ."

ನಿಕಿತಾ ಶನಿವಾರದಿಂದ ಹೇಳತೊಡಗಿದಳು.